ಮಧ್ಯಾಹ್ನದ ಕಿರಿಕಿರಿ

ಊರಿನವರು ಅವಳನ್ನು ಕಿವಿಯಕ್ಕ ಎಂದು ಕರೆಯುತ್ತಿದ್ದರು. ಹಾಗಂತ ಅವಳ ಕಿವಿಯೇನೂ ದೊಡ್ಡದಲ್ಲ. ಬೆಳಗಿನಿಂದ ಸಂಜೆಯವರೆಗೆ ತಲೆಗೆ ಹೆಡ್‌ಫೋನ್ ಏರಿಸಿಕೊಂಡು, ಬಿಳಿ ವ್ಯಾನಿನಲ್ಲಿ ಬೀದಿ ಬೀದಿ ಸುತ್ತುವುದು ಅವಳ ಕೆಲಸವಾಗಿತ್ತು. ಊರಾಚೆಯ ತಗ್ಗಿನಲ್ಲಿ ಒಂದು ದೊಡ್ಡ ರೇಡಿಯೋ ದೂರದರ್ಶಕ ಆಕಾಶಕ್ಕೆ ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಸುತ್ತಮುತ್ತ ಸದ್ದಾಗದಂತೆ ನೋಡಿಕೊಳ್ಳಲು ಅವಳಿಗೆ ಸಂಬಳ ಕೊಡುತ್ತಿದ್ದರು. ಸದ್ದು ಅಂದರೆ ಎಲ್ಲರ ಕಿವಿಗೆ ಬೀಳುವ ಸದ್ದಲ್ಲ. ಕೆಟ್ಟುಹೋದ ಟ್ಯೂಬ್‌ಲೈಟು, ಕಿಡಿ ಹಾರಿಸುವ ಮಿಕ್ಸಿ, ಸಡಿಲವಾದ ಕರೆಂಟಿನ ತಂತಿ, ಯಾವುದೋ ಅಗ್ಗದ ಚಾರ್ಜರು, ಇವೆಲ್ಲ ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಉಗುಳುತ್ತಿರುತ್ತವೆ. ನಕ್ಷತ್ರದಿಂದ ಬರುವ ಅಲೆ ಇವುಗಳ ಮುಂದೆ, ಸಂತೆಯಲ್ಲಿ ಯಾರೋ ಪಿಸುಗುಟ್ಟಿದ ಹಾಗೆ, ಇದ್ದೂ ಇಲ್ಲದಂತಾಗುತ್ತದೆ.

ಅವಳ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಬೆಸುಗೆಯ ಹೊಗೆಯಲ್ಲೇ ಬೆಳೆದವಳಿಗೆ ಈ ಕೆಲಸ ಕೈಗೆ ಹತ್ತಿತು. ಕೈಗೆ ಹತ್ತಿದ್ದು ಜನರ ಮನಸ್ಸಿಗೆ ಹಿಡಿಸಲಿಲ್ಲ. ವ್ಯಾನು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರೆ ಸಾಕು, ದರ್ಜಿ ತನ್ನ ಹೊಲಿಗೆ ಯಂತ್ರದ ಮೋಟರು ಆರಿಸಿ, ಗಿರಾಕಿಯ ಹತ್ತಿರ ಸುಮ್ಮನೆ ಹವಾಮಾನದ ಮಾತು ತೆಗೆಯುತ್ತಿದ್ದ. ಬೇಕರಿಯವನಂತೂ ಎದುರಿಗೇ ಗೊಣಗುತ್ತಿದ್ದ. ಅವನು ಆಸೆಪಟ್ಟು ತಂದಿದ್ದ ಹೊಸ ಕರೆಂಟಿನ ಒಲೆಯನ್ನು ಕಿವಿಯಕ್ಕ ಹಿಂದಕ್ಕೆ ಕಳಿಸಿದ್ದಳು. ಊರಲ್ಲಿ ಮೊಬೈಲ್ ಇಟ್ಟುಕೊಳ್ಳುವ ಹಾಗಿಲ್ಲ, ಇನ್ನು ಉಸಿರಾಡುವುದಕ್ಕೂ ಇವಳ ಅಪ್ಪಣೆ ಬೇಕೇನೋ ಎಂದು ಅವನು ಬ್ರೆಡ್ಡು ಕಟ್ಟಿಕೊಡುತ್ತಾ ಹೇಳಿದಾಗ ಅವಳು ನಕ್ಕು ಚಿಲ್ಲರೆ ಎಣಿಸಿ ಕೊಟ್ಟಿದ್ದಳು. ನಿಯಮ ಎಲ್ಲರಿಗೂ ಒಂದೇ ಎಂಬುದು ಅವಳ ಧೈರ್ಯ.

ಆ ವರ್ಷ ಅವಳ ಮನೆಗೆ ತಂಗಿ ಬಾಣಂತನಕ್ಕೆ ಬಂದಿದ್ದಳು. ತಂಗಿಯ ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ಒಮ್ಮೆ ಹೊರಟರೆ ತಿಂಗಳುಗಟ್ಟಲೆ ನೀರಿನ ಮೇಲೆ. ಕೂಸು ಅವಸರ ಮಾಡಿ ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಿತ್ತು. ಅಂಗೈಯಲ್ಲಿ ಹಿಡಿಯುವಷ್ಟು ಹೆಣ್ಣುಮಗು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಮಲಗಿದ್ದು, ಕೊನೆಗೆ ಮನೆಗೆ ಬಂತು. ಬರುವಾಗ ಜೊತೆಯಲ್ಲಿ ಒಂದು ಪೆಟ್ಟಿಗೆಯೂ ಬಂತು. ಇಷ್ಟು ಬೇಗ ಹುಟ್ಟಿದ ಮಕ್ಕಳು ನಿದ್ದೆಯಲ್ಲಿ ಕೆಲವೊಮ್ಮೆ ಉಸಿರಾಡುವುದನ್ನೇ ಮರೆಯುತ್ತವೆ ಎಂದು ದಾದಿ ಹೇಳಿದ್ದಳು. ಹೊಟ್ಟೆಗೆ ಸುತ್ತಿದ ಪಟ್ಟಿಯಿಂದ ಒಂದು ತಂತಿ ಪೆಟ್ಟಿಗೆಗೆ ಹೋಗುತ್ತಿತ್ತು. ಉಸಿರು ನಿಂತರೆ ಪೆಟ್ಟಿಗೆ ಕಿರುಚುತ್ತಿತ್ತು. ಆಗ ಪಾದವನ್ನು ಉಜ್ಜಬೇಕು, ಬೆನ್ನು ತಟ್ಟಬೇಕು. ಕಿವಿಯಕ್ಕ ಮೊದಲ ದಿನವೇ ಪೆಟ್ಟಿಗೆಯ ಸುತ್ತ ಆಂಟೆನಾ ಹಿಡಿದು ನೋಡಿ, ಇದು ತಂಟೆ ಇಲ್ಲದ್ದು ಎಂದು ಖಾತ್ರಿ ಮಾಡಿಕೊಂಡಿದ್ದಳು.

ಮನೆಗೆ ಬಂದ ಮೇಲೆ ಅದು ಕೆಲವು ಸಲ ಕಿರುಚಿತ್ತು. ಪ್ರತಿ ಸಲವೂ ಕೂಸು ಪಾದ ಉಜ್ಜಿದ ತಕ್ಷಣ ಉಸಿರೆಳೆದುಕೊಂಡು, ಯಾಕೆ ಎಬ್ಬಿಸಿದಿರಿ ಎನ್ನುವಂತೆ ಅಳುತ್ತಿತ್ತು. ಅಕ್ಕತಂಗಿಯರು ಮಾತ್ರ ಆಮೇಲೆ ಎಷ್ಟೋ ಹೊತ್ತು ಅದರ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಾ ಕೂರುತ್ತಿದ್ದರು.

ಇದೇ ಸಮಯಕ್ಕೆ ದೂರದರ್ಶಕದ ಕಡೆ ಒಂದು ಗಡಿಬಿಡಿ ಶುರುವಾಯಿತು. ಅಲ್ಲಿಯ ಮುಖ್ಯ ವಿಜ್ಞಾನಿ ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ. ಮಾತು ಕಡಿಮೆ, ಸಿಟ್ಟೂ ಕಡಿಮೆ. ಅವನು ಅಂದು ಎಲ್ಲರನ್ನೂ, ಕಾವಲುಗಾರನನ್ನೂ ಸೇರಿಸಿ, ಕೂರಿಸಿಕೊಂಡು ವಿಷಯ ಹೇಳಿದ. ಬಹಳ ದೂರದಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ ಇದೆ. ಯಾವುದೋ ಕಾಲದಲ್ಲಿ ಸಿಡಿದು ಸತ್ತ ದೊಡ್ಡ ನಕ್ಷತ್ರದ ಉಳಿಕೆ ಅದು. ಅಗಲದಲ್ಲಿ ಒಂದು ಪಟ್ಟಣದಷ್ಟು, ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು. ಅದರ ಜೊತೆಗೇ ಸುತ್ತುವ ಇನ್ನೊಂದು ಸಾಧಾರಣ ನಕ್ಷತ್ರವಿದೆ. ಆ ಜೊತೆಗಾರ ನಕ್ಷತ್ರದ ಮೈಯಿಂದ ಇದು ಅನಿಲವನ್ನು ಎಳೆದುಕೊಳ್ಳುತ್ತದೆ. ಸುತ್ತಿ ಸುತ್ತಿ ಬಂದು ಬೀಳುವ ಆ ಅನಿಲ, ಬುಗುರಿಗೆ ಚಾಟಿ ಬೀಸಿದ ಹಾಗೆ, ಇದರ ವೇಗವನ್ನು ಏರಿಸುತ್ತಾ ಹೋಗಿದೆ. ಈಗ ಅದು ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತಿದೆ. ತಿನ್ನುತ್ತಿರುವಷ್ಟು ಕಾಲ ಅದು ಎಕ್ಸ್‌ರೇ ಚೆಲ್ಲುತ್ತದೆ, ಸುತ್ತಿಗೊಂದರಂತೆ ಹೊಮ್ಮಬೇಕಾದ ರೇಡಿಯೋ ಮಿಡಿತ ಹೊರಗೆ ಬರುವುದಿಲ್ಲ. ಮೊನ್ನೆ ಆ ಎಕ್ಸ್‌ರೇ ಇದ್ದಕ್ಕಿದ್ದಂತೆ ಮಂಕಾಗಿದೆ ಎಂದು ಉಪಗ್ರಹದವರು ತಿಳಿಸಿದ್ದಾರೆ. ಅಂದರೆ ಎಳೆದುಕೊಳ್ಳುವುದು ನಿಂತಿರಬಹುದು. ನಿಂತಿದ್ದರೆ ಈಗ ಮಿಡಿತ ಕೇಳಿಸಬೇಕು. ಎಷ್ಟು ದಿನ ನಿಂತಿರುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ಅಂದು ಸಂಜೆ ಕಿವಿಯಕ್ಕ ಇದನ್ನೆಲ್ಲ ತಂಗಿಗೆ ಹೇಳಿದಳು. ತಂಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಪಕ್ಕದವರ ಮೈ ಹೀರಿಕೊಂಡು ಇರೋ ಬರೋ ಮನೆಯನ್ನೆಲ್ಲ ತಿರುಗಿಸುವವಳು ಇಲ್ಲಿ ನನ್ನ ಮಡಿಲಲ್ಲೂ ಒಬ್ಬಳಿದ್ದಾಳೆ ಎಂದು ಅವಳು ನಗಾಡಿದಳು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಆ ಋತುವಿನಲ್ಲಿ ಆ ನಕ್ಷತ್ರ ಮಧ್ಯಾಹ್ನ ಮಾತ್ರ ನೆತ್ತಿಯ ಮೇಲೆ ಬರುತ್ತಿತ್ತು. ರೇಡಿಯೋ ದೂರದರ್ಶಕಕ್ಕೆ ಹಗಲಾದರೇನು, ಇರುಳಾದರೇನು. ಆದರೆ ಮೊದಲ ಮಧ್ಯಾಹ್ನವೇ ಪರದೆಯ ಮೇಲೆ ಬೇರೇನೋ ಬಂತು. ಹತ್ತಿರದಲ್ಲೇ ಎಲ್ಲೋ ಒಂದು ಯಂತ್ರ, ತುಂಡು ತುಂಡಾಗಿ, ಬಿಡದೆ ಕಿರಿಕಿರಿ ಮಾಡುತ್ತಿತ್ತು. ನಕ್ಷತ್ರದ ಮಿಡಿತವನ್ನು ಹುಡುಕಬೇಕಾದ ಜಾಗದಲ್ಲೇ ಸರಿಯಾಗಿ ಕೂತಿತ್ತು. ಮುಖ್ಯ ವಿಜ್ಞಾನಿ ಕಿವಿಯಕ್ಕನನ್ನು ಕರೆದು, ಬೇಗ ಹುಡುಕಿಕೊಡಮ್ಮಾ ಎಂದ. ಅವನು ಅಮ್ಮಾ ಎಂದದ್ದು ಅವಳಿಗೆ ಹೆದರಿಕೆ ಹುಟ್ಟಿಸಿತು. ಇಷ್ಟು ವರ್ಷದಲ್ಲಿ ಹಾಗೆ ಕರೆದವನಲ್ಲ.

ಅವಳು ಊರನ್ನು ಜಾಲಾಡಿದಳು. ಬೇಕರಿಗೆ ಹೋದಳು, ದರ್ಜಿಯ ಅಂಗಡಿಗೆ ಹೋದಳು, ಶಾಲೆಯ ಗಂಟೆಯ ವೈರು ಬಿಚ್ಚಿ ನೋಡಿದಳು. ಹಲ್ಲಿನ ಡಾಕ್ಟರ ಕುರ್ಚಿಯನ್ನು ಮಗುಚಿ ಹಾಕಿದಳು. ಎಲ್ಲೂ ಇಲ್ಲ. ಹೆಡ್‌ಫೋನಿನಲ್ಲಿ ಮಾತ್ರ ಕಿರ್, ಕಿರ್, ಕಿರ್. ವಿಚಿತ್ರವೆಂದರೆ, ದನಿ ಜೋರಾಗುತ್ತಿದೆ, ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಫಕ್ಕನೆ ಆರಿಹೋಗುತ್ತಿತ್ತು. ಅವಳು ದೂರ ಹೋದ ಮೇಲೆ ಮತ್ತೆ ಶುರು. ಯಾರೋ ತನ್ನನ್ನು ನೋಡಿ ನೋಡಿ ಆಟ ಆಡಿಸುತ್ತಿದ್ದಾರೆ ಎಂದು ಅವಳಿಗೆ ಅನ್ನಿಸತೊಡಗಿತು. ಅನುಮಾನ ಬೇಕರಿಯವನ ಮೇಲೆ ಹೋಯಿತು. ಅವನ ಹಿತ್ತಿಲಿನ ಉಗ್ರಾಣವನ್ನು ಎರಡು ಸಲ ತೆಗೆಸಿ ನೋಡಿದಳು. ಎರಡನೆಯ ಸಲ ಅವನು ಬೀಗದ ಕೈ ಗೊಂಚಲನ್ನು ಮೇಜಿನ ಮೇಲೆ ಎಸೆದು ಒಳಗೆ ಹೋದ.

ಮಧ್ಯಾಹ್ನಗಳು ಒಂದೊಂದೇ ಕೈಬಿಟ್ಟು ಹೋಗುತ್ತಿದ್ದವು. ಸಂಜೆ ವರದಿ ಒಪ್ಪಿಸಲು ಹೋದರೆ ಮುಖ್ಯ ವಿಜ್ಞಾನಿ ಗದರುತ್ತಿರಲಿಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, ನಾಳೆ ನೋಡೋಣ ಎನ್ನುತ್ತಿದ್ದ. ಗದರಿದ್ದರೇ ಚೆನ್ನಾಗಿತ್ತು. ಮನೆಗೆ ಬಂದರೆ ತಂಗಿ ಸಪ್ಪೆ ಮುಖ ಹಾಕಿಕೊಂಡಿರುತ್ತಿದ್ದಳು. ಸಿಕ್ತಾ ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಒಳಗೆ ಎದ್ದು ಹೋಗುತ್ತಿದ್ದಳು. ತನ್ನ ಚಿಂತೆ ಅವಳಿಗೂ ಅಂಟಿಕೊಂಡಿದೆ, ಬಾಣಂತಿಯ ಹತ್ತಿರ ಇದನ್ನೆಲ್ಲ ಹೇಳಬಾರದಿತ್ತು ಎಂದು ಕಿವಿಯಕ್ಕ ತನ್ನನ್ನೇ ಬೈದುಕೊಂಡಳು.

ಒಂದು ದಿನ ಮಾರುಕಟ್ಟೆಯ ಹತ್ತಿರ ವ್ಯಾನಿನ ಗಾಲಿಗೆ ಮೊಳೆ ಚುಚ್ಚಿತು. ನಕ್ಷತ್ರ ಮೇಲೇರುವ ಹೊತ್ತಾಗಿತ್ತು. ಗಾಲಿ ಬದಲಿಸುತ್ತಾ ಕೂತರೆ ಆ ಮಧ್ಯಾಹ್ನವೂ ಹೋಯಿತು. ಅವಳು ವ್ಯಾನನ್ನು ಅಲ್ಲೇ ಬಿಟ್ಟು, ಕೈಯಲ್ಲಿ ಹಿಡಿಯುವ ಆಂಟೆನಾ ತೆಗೆದುಕೊಂಡು ನಡೆದೇ ಹೊರಟಳು. ಕಿರ್, ಕಿರ್, ಕಿರ್. ಈ ಸಲ ಅದು ಆರಲಿಲ್ಲ. ದನಿ ಏರುತ್ತಾ ಹೋಯಿತು. ದರ್ಜಿ ಅಂಗಡಿ ದಾಟಿದಳು, ನಲ್ಲಿಕಟ್ಟೆ ದಾಟಿದಳು. ಆಂಟೆನಾ ಒಂದೇ ದಿಕ್ಕನ್ನು ತೋರಿಸುತ್ತಿತ್ತು. ತನ್ನ ಬೀದಿಯ ತಿರುವಿಗೆ ಬಂದಾಗ ಅವಳು ಆಂಟೆನಾವನ್ನು ತಲೆಕೆಳಗು ಮಾಡಿ ಹಿಡಿದಿದ್ದೇನೆಯೋ ಎಂದು ನೋಡಿಕೊಂಡಳು. ಸರಿಯಾಗಿಯೇ ಹಿಡಿದಿದ್ದಳು. ತನ್ನ ಮನೆಯ ಮೆಟ್ಟಿಲ ಮೇಲೆ ಕಾಲಿಟ್ಟಾಗ ಹೆಡ್‌ಫೋನ್ ಕಿವಿಯ ಮೇಲೆ ಇಟ್ಟುಕೊಳ್ಳಲಾಗದಷ್ಟು ದನಿ.

ತಂಗಿ ಅಡುಗೆಮನೆಯಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೋಣೆಯಲ್ಲಿ ಕೂಸು ಮಲಗಿತ್ತು. ಅದರ ಎದೆಯ ಮೇಲೆ ಬಟ್ಟೆಯ ಕೆಳಗೆ ಒಂದು ಪುಟ್ಟ ಬಿಲ್ಲೆ ಅಂಟಿಕೊಂಡಿತ್ತು, ತಂತಿ ಇಲ್ಲ. ತೊಟ್ಟಿಲ ಪಕ್ಕದಲ್ಲಿ ಅವಳು ಎಂದೂ ನೋಡದ ಒಂದು ಹೊಸ ಪೆಟ್ಟಿಗೆ ಹಸಿರು ದೀಪ ಮಿಟುಕಿಸುತ್ತಿತ್ತು. ಬಿಲ್ಲೆ ಉಸಿರಿನ ಸುದ್ದಿಯನ್ನು ಗಾಳಿಯಲ್ಲೇ ಪೆಟ್ಟಿಗೆಗೆ ಕಳಿಸುತ್ತಿತ್ತು. ಇಷ್ಟು ದಿನ ತಾನು ಶಪಿಸುತ್ತಾ ಬೆನ್ನು ಹತ್ತಿದ್ದು ಇದನ್ನೇ ಎಂದು ಅವಳಿಗೆ ಹೊಳೆಯಿತು.

ಬಾಗಿಲಲ್ಲಿ ತಂಗಿ ಒದ್ದೆ ಕೈಯಲ್ಲಿ ನಿಂತಿದ್ದಳು. ಇಂದು ಅವಳಿಗೆ ವ್ಯಾನಿನ ಸದ್ದು ಕೇಳಿರಲಿಲ್ಲ.

"ಯಾವಾಗಿಂದ?" ಎಂದಳು ಕಿವಿಯಕ್ಕ.

"ಹೋದ ಸಲ ಆಸ್ಪತ್ರೆಗೆ ಹೋಗಿದ್ವಲ್ಲ, ಆವಾಗಿಂದ. ದಾದಿ ಹತ್ರ ಕೇಳಿ ತಂದೆ. ನೀನು ಹೊರಗೆ ವ್ಯಾನಲ್ಲಿ ಕೂತಿದ್ದೆ."

"ಇದೇ ಇರ್ಬಹುದು ಅಂತ ಗೊತ್ತಿತ್ತಾ ನಿಂಗೆ?"

"ಅನುಮಾನ ಇತ್ತು. ಅದಕ್ಕೇ ವ್ಯಾನಿನ ಸದ್ದು ಕೇಳಿದ್ರೆ ಆರಿಸಿ ಹಳೇದು ಕಟ್ತಿದ್ದೆ." ತಂಗಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಆ ತಂತಿ ಒಂದಿನ ಇವಳ ಕುತ್ತಿಗೆಗೆ ಸುತ್ಕೊಂಡಿತ್ತು ಅಕ್ಕಾ. ನಾನು ಬಟ್ಟೆ ಒಣಗಿಸಿ ಬರೋ ಅಷ್ಟರಲ್ಲಿ. ಪೆಟ್ಟಿಗೆ ಕೂಗಲೇ ಇಲ್ಲ. ಉಸಿರು ಇತ್ತಲ್ಲ ಇನ್ನೂ, ಅದಕ್ಕೆ."

ಕಿವಿಯಕ್ಕ ಬಗ್ಗಿ ಕೂಸಿನ ಕುತ್ತಿಗೆ ನೋಡಿದಳು. ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಹೇಳಿದ್ದರೆ ನೀನು ನಿಯಮ ಹೇಳುತ್ತಿದ್ದೆ ಎಂದಳು ತಂಗಿ. ಅದು ನಿಜವೇ ಆಗಿತ್ತು. ರಾತ್ರಿ ಅಕ್ಕ ಮನೆಯಲ್ಲಿರುವಾಗ ಹಳೆಯ ಪಟ್ಟಿಯನ್ನೇ ಕಟ್ಟಿ, ತಂತಿಯನ್ನು ಕೈಯಲ್ಲಿ ಹಿಡಿದುಕೊಂಡು, ನಿದ್ದೆ ಮಾಡದೆ ಕೂರುತ್ತಿದ್ದಳಂತೆ. ಅಕ್ಕ ಗೊರಕೆ ಹೊಡೆಯುವುದನ್ನು ಕೇಳುತ್ತಾ.

ಕಿವಿಯಕ್ಕನ ಕೈ ಅಭ್ಯಾಸಬಲದಿಂದ ಪೆಟ್ಟಿಗೆಯ ಗುಂಡಿಯ ಕಡೆಗೆ ಹೋಯಿತು. ಎಷ್ಟೋ ಮನೆಗಳಲ್ಲಿ ಹೀಗೆ ಹೋದ ಕೈ.

"ಆರ್ಸು," ಎಂದಳು ತಂಗಿ. "ಆದ್ರೆ ಆರಿಸಿದ ಮೇಲೆ ಇಲ್ಲಿಂದ ಏಳ್ಬೇಡ. ಇವಳು ದೊಡ್ಡೋಳಾಗೋವರೆಗೂ ಇಲ್ಲೇ ಕೂತಿರು."

ಅವಳಿಂದ ಆಗಲಿಲ್ಲ. ಹಸಿರು ದೀಪ ಮಿಟುಕುತ್ತಲೇ ಇತ್ತು.

ಅವಳು ವ್ಯಾನಿನ ಗಾಲಿ ಬದಲಿಸಿ ದೂರದರ್ಶಕದ ಕಚೇರಿಗೆ ಹೊರಟಳು. ಅಂಥ ಯಂತ್ರವನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಕಚೇರಿಗಿತ್ತು, ಆ ಅಧಿಕಾರವನ್ನು ಊರಿನಲ್ಲಿ ಚಲಾಯಿಸುತ್ತಿದ್ದವಳು ಅವಳೇ. ಸುಳ್ಳು ಹೇಳಿಬಿಟ್ಟರೆ ಹೇಗೆ ಎಂದು ಒಂದು ಕ್ಷಣ ಯೋಚಿಸಿದಳು. ಸಿಗಲಿಲ್ಲ ಎಂದು ಇನ್ನೊಂದಷ್ಟು ದಿನ ತಳ್ಳಬಹುದಿತ್ತು. ಆದರೆ ಬೇಕರಿಯವನು ಎಸೆದ ಬೀಗದ ಕೈಗಳು ಕಣ್ಣ ಮುಂದೆ ಬಂದವು. ಮುಖ್ಯ ವಿಜ್ಞಾನಿಯ ಮುಂದೆ ನಿಂತು, ಸಿಕ್ಕಿದೆ, ನಮ್ಮ ಮನೆಯಲ್ಲೇ ಇದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದಳು.

"ಆದ್ರೆ ನಾನು ಅದನ್ನ ಆರಿಸಲ್ಲ ಸರ್. ನೀವು ಬೇರೆಯವರನ್ನ ಕಳಿಸಿದ್ರೆ ಬಾಗಿಲು ತೆಗೆಯಲ್ಲ. ಕೆಲಸದಿಂದ ತೆಗೆಯೋದಾದ್ರೆ ತೆಗೀರಿ."

ಅವನ ಮುಖ ಬಿಳಿಚಿಕೊಂಡಿತು. ಎದ್ದು ಕಿಟಕಿಯ ಹತ್ತಿರ ಹೋದ. ಅವನ ಬೆನ್ನು ನೋಡುತ್ತಾ ನಿಲ್ಲುವುದು ಅವಳಿಗೆ ಕಷ್ಟವಾಯಿತು. ಈ ಒಂದು ನಕ್ಷತ್ರವನ್ನು ಅವನು ತನ್ನ ತಲೆ ಕಪ್ಪಾಗಿದ್ದಾಗಿನಿಂದ ನೋಡುತ್ತಾ ಬಂದಿದ್ದ. ಇನ್ನೊಮ್ಮೆ ಅದು ಎಳೆದುಕೊಳ್ಳುವುದನ್ನು ನಿಲ್ಲಿಸುವ ಹೊತ್ತಿಗೆ ಅವನು ಈ ಕುರ್ಚಿಯಲ್ಲಿ ಇರುತ್ತಿರಲಿಲ್ಲ, ಬದುಕಿಯೇ ಇರುತ್ತಿದ್ದನೋ ಇಲ್ಲವೋ. ಕೊನೆಗೆ ತಿರುಗಿ, ಕೂಸಿನ ಕೋಣೆ ಎಷ್ಟು ದೊಡ್ಡದಿದೆ ಎಂದು ಕೇಳಿದ.

ಕಚೇರಿಯ ಕಂಪ್ಯೂಟರುಗಳೂ ಅಲೆ ಉಗುಳುವ ಪೈಕಿಯೇ. ಅದಕ್ಕೆ ಅವುಗಳಿದ್ದ ಕೋಣೆಯ ಸುತ್ತ ತಾಮ್ರದ ಜಾಲರಿ ಹೊದಿಸಿದ್ದರು. ಅಲೆ ಜಾಲರಿ ದಾಟಿ ಹೊರಗೆ ಹೋಗುವುದಿಲ್ಲ, ಮಾತು, ಗಾಳಿ, ಬೆಳಕು ಹೋಗುತ್ತವೆ. ಕಚೇರಿಯ ಉಗ್ರಾಣದಲ್ಲಿ ಉಳಿದ ಜಾಲರಿಯ ಸುರುಳಿಗಳಿದ್ದವು, ಕೂಸಿನ ಕೋಣೆಗೂ ಅದನ್ನೇ ಹೊದಿಸೋಣ ಎಂದ. ಬಿಲ್ಲೆಯೂ ಪೆಟ್ಟಿಗೆಯೂ ಒಳಗೇ ಇದ್ದರೆ ಅವುಗಳ ನಡುವಿನ ಮಾತು ನಡೆಯುತ್ತಲೇ ಇರುತ್ತದೆ, ಪೆಟ್ಟಿಗೆ ಕಿರುಚಿದರೆ ಅಡುಗೆಮನೆಗೂ ಕೇಳುತ್ತದೆ. ಬಾಗಿಲನ್ನು ಮಾತ್ರ ನಕ್ಷತ್ರ ಮೇಲಿರುವಷ್ಟು ಹೊತ್ತು ಮುಚ್ಚಿಡಬೇಕು. ಇದನ್ನು ತಂಗಿಗೆ ಹೇಳಲು ಅವನೇ ಮನೆಗೆ ಬಂದ. ತಂಗಿ ಕೂಸನ್ನು ಎದೆಗೆ ಅವಚಿಕೊಂಡೇ ಕೇಳಿಸಿಕೊಂಡಳು. ಏನಾದರೂ ಆದರೆ ಬಾಗಿಲು ತೆಗೆಯಲು ಯಾರನ್ನು ಕೇಳಬೇಕು ಎಂದಳು.

"ಯಾರನ್ನೂ ಕೇಳ್ಬೇಡಿ," ಎಂದ ಅವನು. "ನಕ್ಷತ್ರ ಹೋದ್ರೆ ಹೋಗುತ್ತೆ."

ಹೇಳುವಾಗ ಅವನು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಿದ್ದನ್ನು ಇಬ್ಬರೂ ನೋಡಿದರು. ತಂಗಿ ಒಪ್ಪಿದ್ದು ಬಹುಶಃ ಅದಕ್ಕೇ.

ಕಿವಿಯಕ್ಕ ಮತ್ತು ಇಬ್ಬರು ಎಂಜಿನಿಯರುಗಳು ಸೇರಿ ಗೋಡೆ, ಛಾವಣಿ, ನೆಲ, ಕಿಟಕಿ, ಬಾಗಿಲು ಎಲ್ಲಕ್ಕೂ ಜಾಲರಿ ಹೊಡೆದು, ಅಂಚುಗಳನ್ನು ಬೆಸೆದರು. ಕೋಣೆ ಒಲೆಯ ಒಳಭಾಗದಂತೆ ಕೆಂಪಗೆ ಮಿನುಗತೊಡಗಿತು. ಮರುದಿನ ಮಧ್ಯಾಹ್ನ ತಂಗಿ ಒಂದು ಕುರ್ಚಿ ಹಾಕಿಕೊಂಡು ಕೂಸಿನ ಜೊತೆ ಒಳಗೇ ಕೂತಳು. ಕಿವಿಯಕ್ಕ ಬಾಗಿಲು ಮುಚ್ಚಿ, ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಬೀದಿಯ ಕೊನೆಯಲ್ಲಿ ವ್ಯಾನಿನಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡಳು.

ಏನೂ ಇಲ್ಲ. ಮೀಟರಿನ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು.

ಅಂಥ ನಿಶ್ಶಬ್ದಕ್ಕಾಗಿ ಅವಳು ವರ್ಷಗಟ್ಟಲೆ ದುಡಿದಿದ್ದಳು. ಈಗ ಅದು ಅವಳನ್ನು ಹಿಂಡತೊಡಗಿತು. ನಿನ್ನೆಯವರೆಗೆ ಕಿರ್ ಕಿರ್ ಎನ್ನುತ್ತಿದ್ದದ್ದು ಕೂಸಿನ ಉಸಿರಿನ ಸುದ್ದಿ. ಇಂದು ಆ ಸುದ್ದಿ ಬರುತ್ತಿಲ್ಲ. ಜಾಲರಿ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಅದಕ್ಕೆ ಅರ್ಥ. ಬಿಲ್ಲೆ ಕೆಟ್ಟಿದ್ದರೂ ಹೀಗೇ ಇರುತ್ತಿತ್ತು. ಪೆಟ್ಟಿಗೆ ನಿಂತುಹೋಗಿದ್ದರೂ ಹೀಗೇ. ರಾತ್ರಿಗಳ ನಿದ್ದೆಗೆಟ್ಟ ತಂಗಿ ಆ ಬೆಚ್ಚನೆಯ ಕೋಣೆಯಲ್ಲಿ ಕುರ್ಚಿಯಲ್ಲೇ ತೂಕಡಿಸಿಬಿಟ್ಟಿದ್ದರೆ? ಅವಳು ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಎದ್ದು ಹೋಗಿ ನೋಡಿಬರಲೇ ಎಂದು ವ್ಯಾನಿನ ಬಾಗಿಲ ಹಿಡಿ ಮುಟ್ಟಿದಳು, ಬಿಟ್ಟಳು. ಸುಮ್ಮನೆ ಒಂದು ಸಲ ಕೋಣೆಯ ಬಾಗಿಲು ತೆಗೆದರೆ ಮುಖ್ಯ ವಿಜ್ಞಾನಿಯ ಇಂದಿನ ಮಧ್ಯಾಹ್ನ ಹಾಳು. ಮನೆಯ ಉಸಿರನ್ನೂ ದೂರದರ್ಶಕದ ಉಸಿರನ್ನೂ ತಾನೊಬ್ಬಳೇ ಬಿಗಿಹಿಡಿದು ಕೂತಂತೆ ಅವಳಿಗೆ ಅನ್ನಿಸಿತು.

ಮುಳ್ಳು ಛಕ್ಕನೆ ಮೇಲೆ ಹಾರಿತು. ಕಿರ್, ಕಿರ್, ಕಿರ್.

ಬಾಗಿಲು ತೆರೆದಿದೆ. ಅವಳು ಹೆಡ್‌ಫೋನ್ ಕಿತ್ತೆಸೆದು ಓಡಿದಳು. ವ್ಯಾನಿನ ಬಾಗಿಲು ಹಾಕಲಿಲ್ಲ, ಕಾಲಿನ ಚಪ್ಪಲಿ ಎಲ್ಲಿ ಬಿತ್ತೋ ನೋಡಲಿಲ್ಲ. ಮನೆ ಹತ್ತಿರವಾದಂತೆ ಪೆಟ್ಟಿಗೆಯ ಕಿರುಚಾಟ ಕೇಳಿಸಿತು, ಆಮೇಲೆ ಅದು ನಿಂತಿತು. ಅವಳು ಮೆಟ್ಟಿಲು ಹಾರಿ ಒಳಗೆ ಬಂದಳು. ತಂಗಿ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಕೂಸಿನ ಮುಖ ನೀಲಿಯಿಂದ ಕೆಂಪಿಗೆ ತಿರುಗುತ್ತಿತ್ತು. ಪಾದವನ್ನು ಅವಳು ಇನ್ನೂ ಉಜ್ಜುತ್ತಲೇ ಇದ್ದಳು. ಕೂಸು ಒಮ್ಮೆ ಬಾಯಿ ತೆರೆಯಿತು, ದನಿ ಬರಲಿಲ್ಲ, ಇನ್ನೊಮ್ಮೆ ತೆರೆದು ಬೀದಿಗೆಲ್ಲ ಕೇಳುವಂತೆ ಅತ್ತಿತು.

"ಈ ಸಲ ಜಾಸ್ತಿ ಹೊತ್ತಾಯ್ತು," ಎಂದಳು ತಂಗಿ. "ನಿನ್ನ ಕರೆಯೋಣ ಅಂತ ಬಾಗಿಲು ತೆಗೆದೆ. ಕೂಗೋಕೆ ದನಿಯೇ ಬರ್ಲಿಲ್ಲ."

ಕಿವಿಯಕ್ಕ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಅಳುವ ಕೂಸಿನ ಇನ್ನೊಂದು ಪಾದವನ್ನು ಕೈಯಲ್ಲಿ ಹಿಡಿದುಕೊಂಡಳು. ಎಷ್ಟೋ ಹೊತ್ತು ಇಬ್ಬರೂ ಏಳಲಿಲ್ಲ.

ಆ ದಿನದ ನೋಟ ಪೂರ್ತಿ ಕೆಟ್ಟುಹೋಯಿತು. ಮುಖ್ಯ ವಿಜ್ಞಾನಿ ಲ್ಯಾಂಡ್‌ಲೈನ್ ಫೋನಿನಲ್ಲಿ ಕೂಸಿನ ಬಗ್ಗೆ ಮಾತ್ರ ಕೇಳಿದ. ತಂಗಿ ಮರುದಿನ ಮತ್ತೆ ಒಳಗೆ ಕೂರುತ್ತಾಳೆ ಎಂದು ಅವನೂ ನಿರೀಕ್ಷಿಸಿರಲಿಲ್ಲ, ಕಿವಿಯಕ್ಕನೂ ಕೇಳುವ ಧೈರ್ಯ ಮಾಡಲಿಲ್ಲ. ಊಟದ ತಟ್ಟೆ ತೊಳೆಯುತ್ತಾ ತಂಗಿಯೇ ಮಾತು ತೆಗೆದಳು. ತಾನು ಕೂರುತ್ತೇನೆ, ಆದರೆ ಅಕ್ಕ ವ್ಯಾನಿನಲ್ಲಿ ಕೂರಬಾರದು, ಒಳಗೇ ಇರಬೇಕು, ವ್ಯಾನಿನಲ್ಲಿ ಬೇರೆ ಯಾರಾದರೂ ಕೂರಲಿ ಎಂದಳು. ಅಂದಿನಿಂದ ಅಕ್ಕತಂಗಿಯರು ಜಾಲರಿಯ ಒಳಗೆ ಎದುರುಬದುರು ಕೂತರು. ಒಬ್ಬರು ಎಚ್ಚರ, ಒಬ್ಬರು ನಿದ್ದೆ. ಮೊದಮೊದಲು ಕೂಸಿನ ಹಾಲು, ಬಟ್ಟೆಯ ಮಾತಷ್ಟೇ. ಆಮೇಲೆ ತಂಗಿ, ತಾನು ಎಷ್ಟು ಹೆದರಿದ್ದೆ ಎಂಬುದನ್ನು ಚೂರುಚೂರಾಗಿ ಹೇಳತೊಡಗಿದಳು. ಕಿವಿಯಕ್ಕ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು.

ಮಿಡಿತ ಸಿಕ್ಕಿತು. ಬಹಳ ಸಣ್ಣಗೆ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ. ನಾಲ್ಕಾರು ಮಧ್ಯಾಹ್ನ ಅದನ್ನು ಹಿಡಿದಿಟ್ಟುಕೊಂಡರು. ಅಷ್ಟರಲ್ಲಿ ಎಕ್ಸ್‌ರೇ ಮತ್ತೆ ಉರಿಯಿತೆಂದು ಸುದ್ದಿ ಬಂತು. ನಕ್ಷತ್ರ ಮತ್ತೆ ಜೊತೆಗಾರನಿಂದ ಎಳೆದುಕೊಳ್ಳಲು ಶುರು ಮಾಡಿತ್ತು, ಮಿಡಿತ ಮುಚ್ಚಿಹೋಯಿತು. ಮುಖ್ಯ ವಿಜ್ಞಾನಿ ಆ ಮಿಡಿತವನ್ನು ಕಿವಿಗೆ ಕೇಳುವ ದನಿಯಾಗಿ ಮಾಡಿಸಿ, ಅಕ್ಕತಂಗಿಯರನ್ನು ಕರೆದು ಕೇಳಿಸಿದ. ಸೆಕೆಂಡಿಗೆ ನೂರಾರು ಮಿಡಿತಗಳು ಬೇರೆ ಬೇರೆಯಾಗಿ ಕೇಳಲು ಸಾಧ್ಯವೇ? ಅವೆಲ್ಲ ಬೆರೆತು ಒಂದೇ ಶ್ರುತಿಯಾಗಿ, ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದಂತೆ ಬಂದವು. ಕೂಸು ಅದನ್ನು ಕೇಳಿ ಅಳು ತೆಗೆಯಿತು. ಎಲ್ಲರೂ ನಕ್ಕರು, ಮುಖ್ಯ ವಿಜ್ಞಾನಿಯೂ.

ಸಂಗತಿಯನ್ನು ಊರಿನವರಿಗೆ ಕಿವಿಯಕ್ಕ ತಾನೇ ಹೋಗಿ ಹೇಳಿದಳು. ದರ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕ. ಬೇಕರಿಯವನು ನಗಲಿಲ್ಲ. ಕೂಸು ಈಗ ಹೇಗಿದೆ ಎಂದು ಕೇಳಿ, ನನ್ನ ಉಗ್ರಾಣ ನೋಡಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ ಎಂದ. ಸಿಟ್ಟಿರಲಿ ಎಂದಳು ಅವಳು.

ಹಡಗು ಬಂದರಿಗೆ ಬಂದು ತಂಗಿಯ ಗಂಡ ಮನೆ ಮುಟ್ಟುವ ಹೊತ್ತಿಗೆ ಕೂಸಿನ ಕೆನ್ನೆ ತುಂಬಿಕೊಂಡಿತ್ತು. ದಾದಿ ಪರೀಕ್ಷೆ ಮಾಡಿ, ಇನ್ನು ಬಿಲ್ಲೆ ಬೇಡ ಎಂದಳು. ಆ ಸುದ್ದಿಗೆ ಅಕ್ಕತಂಗಿಯರು ಕುಣಿದಾಡಬೇಕಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡು, ಇನ್ನೊಂದು ವಾರ ಇರಲಿ ಎಂದು ದಾದಿಯನ್ನು ಬೇಡಿಕೊಂಡರು.